ತುಕ್ಕಿಲ್ಲದ ಹದಿನೇಳನೇ ಕೋವಿ

ಹದಿನೇಳನೇ ನಂಬರಿನ ಕೋವಿಯಲ್ಲಿ ತುಕ್ಕು ಇರಲಿಲ್ಲ.

ಬೇರೆ ಯಾರೇ ಆಗಿದ್ದರೂ ಒಂದು ಕೆಲಸ ಉಳಿಯಿತೆಂದು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಕುಸುಮಾವತಿ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಬೆಳಕು ಸಲೀಸಾಗಿ ಓಡುತ್ತಿತ್ತು. ಅವರಿಗೆ ಹೆದರಿಕೆಯಾಯಿತು ಎಂದೇ ಹೇಳಬೇಕು.

2008ರ ಚುನಾವಣೆಗೆಂದು ಏಪ್ರಿಲ್ ಮೊದಲ ವಾರದಿಂದ ಬ್ರಹ್ಮಾವರದ ಅವರ ಬಂದೂಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ಕೋವಿಗಳು ಠೇವಣಿ ಇದ್ದವು. ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದವರೆಲ್ಲ, ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೋ ಇಂಥ ಅಂಗಡಿಗೋ ಒಪ್ಪಿಸಲೇಬೇಕು. ಈಗ ಮೇ ಇಪ್ಪತ್ತೆಂಟು. ಮತ ಎಣಿಕೆ ಮುಗಿದಿತ್ತು, ನಾಳೆಯಿಂದ ವಾಪಸು ಕೊಡಬೇಕಿತ್ತು.

ಎರಡು ತಿಂಗಳು ಕಡಲ ಗಾಳಿಯಲ್ಲಿದ್ದ ಕಬ್ಬಿಣ, ಎಷ್ಟೇ ಎಣ್ಣೆ ಹಚ್ಚಿಟ್ಟರೂ, ಸುಮ್ಮನಿರುವುದಿಲ್ಲ. ಬೆಳಿಗ್ಗೆಯಿಂದ ನೋಡಿದ ಹದಿನಾರೂ ಕೋವಿಗಳ ಒಳಗೆ ತೆಳ್ಳಗೆ ಕೇಸರಿ ಬಣ್ಣದ ಹುಡಿ ಕೂತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ನಳಿಗೆ ತಿಕ್ಕುವ ಗಜದ ಕೋಲಿಗೆ ಸುತ್ತಿ ನಾಲ್ಕು ಸಲ ಎಳೆದರೆ ಬಿಟ್ಟುಹೋಗುವ ತುಕ್ಕು ಅದು. ಅದಕ್ಕೆ ಯಾರೂ ಹೆದರುವುದಿಲ್ಲ.

ಹದಿನೇಳನೆಯದು ಯಡ್ತರೆಯ ಮಂಜಯ್ಯನವರದು. ಗದ್ದೆಯೂ ಇದ್ದು ಬೈಂದೂರಿನಲ್ಲಿ ಹೋಟೆಲೂ ಇರುವ ಮನುಷ್ಯ. ಕೋವಿ ನೋಡಿಕೊಳ್ಳುವ ವಿಷಯದಲ್ಲಿ ಮೂರು ತಾಲೂಕಿಗೆ ಅಂಥ ಸೋಮಾರಿ ಇನ್ನೊಬ್ಬರಿರಲಿಲ್ಲ. ಠಾಣೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತದೆಂದು ಅಷ್ಟು ದೂರದಿಂದ ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು, ತರುವಾಗಲೇ ಅದು ತುಕ್ಕು ಹಿಡಿದಿರುತ್ತಿತ್ತು. ಈ ಸಲವೂ ರಿಜಿಸ್ಟರಿನಲ್ಲಿ ಕುಸುಮಾವತಿಯದೇ ಅಕ್ಷರವಿತ್ತು: 'ನಳಿಗೆಯೊಳಗೆ ಹಳೇ ತುಕ್ಕಿನ ಗುಳಿ ಹನ್ನೊಂದು. ಪೂರ್ತಿ ತಿಕ್ಕಿ ಮಿಷನ್ ಎಣ್ಣೆ ಹಚ್ಚಿದೆ.'

ಗುಳಿಗಳು ಈಗಲೂ ಇದ್ದವು, ಎಣಿಸಿದರು, ಹನ್ನೊಂದೇ. ಹೊಸ ತುಕ್ಕು ಮಾತ್ರ ಇರಲಿಲ್ಲ. ಅಂದರೆ ತಾವು ಹಚ್ಚಿದ ಮೇಲೆ ಇನ್ನೊಬ್ಬರು ಇದನ್ನು ತಿಕ್ಕಿದ್ದಾರೆ.

ಕುಸುಮಾವತಿ ಕೋವಿಯನ್ನು ನಡುವಿನಲ್ಲಿ ಮಡಚಿ ನಳಿಗೆಯ ಹಿಂಬದಿ ತೆರೆದರು. ಗುಂಡಿನ ತೋಟೆ ಕೂರುವ ಬಾಯಿಯ ಕೆಳಗೆ, ಖಾಲಿ ತೋಟೆಯನ್ನು ಎತ್ತಿ ಹೊರಹಾಕುವ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರ ಹಿಂದಿನ ಸಂದಿಗೆ ಚಿಂದಿ ಹೋಗುವುದಿಲ್ಲ. ತಿಳಿದವರು ಹಳೇ ಟೂತ್ ಬ್ರಷ್ ಹಾಕಿ ತಿಕ್ಕುತ್ತಾರೆ, ತಿಳಿಯದವರಿಗೆ ಆ ಸಂದಿ ಇದೆಯೆಂದೇ ಗೊತ್ತಿರುವುದಿಲ್ಲ. ಏಪ್ರಿಲಿನಲ್ಲಿ ಅವರು ಅಲ್ಲಿ ಬ್ರಷ್ ಹಾಕಿದ್ದರು. ಈಗ ಸೂಜಿಯ ಮೊನೆಯಿಂದ ಕೆದಕಿದರೆ ಕಪ್ಪು ಮಸಿಯೂ ಅದರ ಮೇಲೆ ಕೆಂಪು ತುಕ್ಕೂ ಅಂಟಿ ಬಂದವು.

ಮಸಿ ಎಲ್ಲಿಂದ ಬಂತೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಈ ಕೋವಿ ಹಾರಿತ್ತು. ಅವರ ಬೀಗದೊಳಗೆ ಇದ್ದ ಕೋವಿ, ಇತ್ತೀಚೆಗೆ, ಹಾರಿತ್ತು.

ಏಪ್ರಿಲ್ ಮೂವತ್ತರ ಬುಧವಾರ ಮಧ್ಯಾಹ್ನ ಕುಂಭಾಶಿಯ ಐಸ್ ಪ್ಲಾಂಟಿನ ಮಾಲೀಕ ಜಿತೇಂದ್ರ ತನ್ನ ಆಫೀಸಿನ ಕುರ್ಚಿಯಲ್ಲೇ ಗುಂಡೇಟಿಗೆ ಸತ್ತಿದ್ದ. ಪರವಾನಗಿಯ ಕೋವಿಗಳೆಲ್ಲ ಠೇವಣಿಯಲ್ಲಿದ್ದ ಕಾರಣ, ಪೊಲೀಸರು ಕಳ್ಳ ಕೋವಿಯನ್ನು ಹುಡುಕಿಕೊಂಡು ಹೋಗಿ ಕೋಡಿಯ ಮೀನುಗಾರ ಸುಬ್ಬನ ಬಲೆಯ ಕೊಟ್ಟಿಗೆಯಲ್ಲಿ ಒಂದು ನಾಡಕೋವಿ ಹಿಡಿದಿದ್ದರು. ಐಸಿನ ವಿಷಯಕ್ಕೆ ಸುಬ್ಬ ಸತ್ತವನ ಜೊತೆ ಜಗಳವಾಡಿದ್ದೂ ನಿಜವಿತ್ತು. ನಳಿಗೆಯಲ್ಲಿ ಹೊಸ ತುಕ್ಕಿದೆ, ಆದ್ದರಿಂದ ಇತ್ತೀಚೆಗೆ ಹಾರಿದೆ ಎಂದು ಯಾರೋ ಬರೆದುಕೊಟ್ಟಿದ್ದರು. ಬಲೆಯ ಕೊಟ್ಟಿಗೆಯಲ್ಲಿ ಹಾರದೆ ಬಿದ್ದ ಕಬ್ಬಿಣಕ್ಕೂ ಒಂದೇ ರಾತ್ರಿಗೆ ಹೊಸ ತುಕ್ಕು ಬರುತ್ತದೆಂದು ಬರೆದವರಿಗೆ ತಿಳಿಯದು. ತುಕ್ಕಿತ್ತೆಂದು ಸುಬ್ಬ ಮೇ ಎರಡರಿಂದ ಒಳಗಿದ್ದ.

ತುಕ್ಕಿಲ್ಲದ ಕೋವಿ ಕುಸುಮಾವತಿಯ ತೊಡೆಯ ಮೇಲಿತ್ತು.

ಅವರ ಎಡಗೈ ಪಕ್ಕದಲ್ಲಿದ್ದ ಟೂತ್ ಬ್ರಷ್ಷಿಗೆ ತಾನಾಗಿ ಹೋಯಿತು. ಐದು ನಿಮಿಷದ ಕೆಲಸ. ಸಂದಿಗೆ ಸೀಮೆಎಣ್ಣೆ ಬಿಟ್ಟು ನಾಲ್ಕು ಸಲ ಉಜ್ಜಿದರೆ ಮಸಿ ಹೋಗುತ್ತದೆ, ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಒಬ್ಬರೇ ನಡೆಸಿದ ಅಂಗಡಿ ಉಳಿಯುತ್ತದೆ. ತಮ್ಮ ವಶದ ಕೋವಿ ಹೊರಗೆ ಹೋಗಿ ಕೊಲೆಯಾಯಿತೆಂದು ಗೊತ್ತಾದರೆ ಪರವಾನಗಿ ಆ ದಿನವೇ ರದ್ದು. ಹಾಗೆ ಯೋಚಿಸಿದ್ದಕ್ಕೆ ಅವರಿಗೇ ನಾಚಿಕೆಯಾಯಿತು, ಆದರೂ ಬ್ರಷ್ ಕೈಯಲ್ಲೇ ಇತ್ತು.

"ಹ್ವಾಯ್ ಕುಸುಮಕ್ಕ, ಇವತ್ತ್ ಬಂಗ್ಡಿ ಇಲ್ಲೆ. ಚಟ್ಲಿ ಇತ್ತ್, ಹಾಕುದಾ?"

ಅಂಗಡಿಯ ಮೆಟ್ಟಿಲಲ್ಲಿ ಮೀನಿನ ಬುಟ್ಟಿ ಇಳಿಸಿ ಕೂತವಳು ಬೆಳ್ಳಿ. ಸುಬ್ಬನ ಹೆಂಡತಿ. ಗಂಡ ಜೈಲಿಗೆ ಹೋದ ಮಾರನೇ ದಿನವೂ ಅವಳು ಮೀನು ಹೊತ್ತು ಬಂದಿದ್ದಳು, ಬರದಿದ್ದರೆ ಮನೆ ನಡೆಯುವುದಿಲ್ಲ.

ಕುಸುಮಾವತಿ ಬ್ರಷ್ಷನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. ಬಿಳಿಯ ಚಿಂದಿಯೊಂದನ್ನು ಹದಿನೇಳರ ನಳಿಗೆಯಲ್ಲಿ ಒಮ್ಮೆ ಎಳೆದರು. ಹಳದಿ ಎಣ್ಣೆ ಹತ್ತಿತು. ಮೂಗಿಗೆ ಹಿಡಿದರು. ತಮ್ಮ ಮಿಷನ್ ಎಣ್ಣೆಯಲ್ಲ. ಈ ವಾಸನೆ ಅವರಿಗೆ ಗೊತ್ತಿತ್ತು, ಆದರೆ ತಮಗಿಂತ ಚೆನ್ನಾಗಿ ಗೊತ್ತಿರುವವಳು ಮೆಟ್ಟಿಲಲ್ಲಿ ಕೂತಿದ್ದಳು.

"ಮೀನ್ ಇರ್ಲಿ ಬೆಳ್ಳಿ. ಇದೊಂಚೂರ್ ಮೂಸಿ ಹೇಳ್ ಕಾಂಬ, ಎಂತ ಎಣ್ಣಿ?"

"ಇದೆಂತ ಕೇಂಬುದ್? ಬೈಗಿ ಮೀನ್ ಎಣ್ಣಿ. ದೋಣಿಗ್ ಹಚ್ಚುದ್." ಅವಳು ಇನ್ನೊಮ್ಮೆ ಮೂಸಿದಳು. "ನಮ್ಮನಿಯಗೂ ಇತ್ತ್. ಕೋಡಿಯಗೆ ಯಾರ್ ಮನಿಯಗ್ ಇಲ್ಲೆ?"

ಸುಬ್ಬನನ್ನು ಬಿಡಿಸುತ್ತದೆ ಎಂದುಕೊಂಡ ಕೋವಿ ತಿರುಗಿ ಸುಬ್ಬನ ಮನೆಯ ಬಾಗಿಲನ್ನೇ ತೋರಿಸುತ್ತಿತ್ತು, ಅದನ್ನು ಹೇಳಿದವಳು ಅವನ ಹೆಂಡತಿಯೇ.

"ಹಚ್ಚಿ ಎಷ್ಟ್ ದಿನ ಆಯ್ತ್ ಅಂತ ಹೇಳುಕ್ ಆತ್ತಾ?"

ಬೆಳ್ಳಿ ಚಿಂದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, ಬೆರಳು ಬಿಡಿಸಿ ನೋಡಿದಳು. "ಇನ್ನೂ ಜಾರತ್ತ್. ಅಂಟ್ ಈಗ ಶುರುವಾಯ್ತಷ್ಟೆ. ಒಂದ್ ವಾರ ಆಯ್ತೇನೋ. ಹತ್ ದಿನ ಕಳುದ್ರೆ ಕೈ ಎಳ್ಕಂತ್ತ್, ಹದಿನೈದ್ ದಿನಕ್ ಹಪ್ಪಳದಂಗೆ ಸಿಪ್ಪಿ ಕಟ್ಟತ್ತ್."

"ಗಾಳಿ ತಾಗದ್ದಲ್ಲಿ ಇದ್ರೆ?"

"ಮತ್ತೆರಡ್ ದಿನ ಹೆಚ್ಚ್. ಅಷ್ಟೇ."

ಒಂದು ವಾರ. ಸುಬ್ಬ ಒಳಗೆ ಹೋಗಿ ಇಪ್ಪತ್ತಾರು ದಿನವಾಗಿತ್ತು. ಜೈಲಿನಲ್ಲಿ ಕೂತವನು ಬ್ರಹ್ಮಾವರದ ಬೀಗದ ಕೋಣೆಗೆ ಬಂದು ಕೋವಿಗೆ ಎಣ್ಣೆ ಹಚ್ಚುವುದಿಲ್ಲ. ಕುಸುಮಾವತಿಗೆ ಬೆಳ್ಳಿಯ ಎರಡೂ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ, ಯಾಕೆಂದು ಅವಳು ಕೇಳಿಬಿಡುತ್ತಿದ್ದಳು.

"ನಾಳಿಗೆ ಜಾಮೀನ್ ಕೇಂತ್ರ್ ಗಡ," ಎಂದಳು ಬೆಳ್ಳಿ ಬುಟ್ಟಿಯ ಚಟ್ಲಿ ಸಿಗಡಿ ಎಣಿಸುತ್ತ. "ಸಿಕ್ಕುದ್ ಕಷ್ಟ ಅಂದ್ರ್ ವಕೀಲ್ರ್. ಮಳೆಗಾಲ ಬಂತ್, ದೋಣಿ ಹಾಂಗೇ ಬಿದ್ದಿತ್ತ್."

"ಸಂಜಿ ಐದ್ ಗಂಟೆಗ್ ಒಂದ್ಸಲ ಇಲ್ಲಿಗ್ ಬಾ," ಎಂದರು ಕುಸುಮಾವತಿ.

"ಎಂತಕ್ಕೆ?"

"ಬಾ ಅಂದೆ."

ಅವಳು ಹೋದ ಮೇಲೆ ಮೊದಲ ಫೋನು ಯಡ್ತರೆಗೆ. ಮಂಜಯ್ಯನವರು ಹೋಟೆಲಿನ ಗದ್ದಲದ ನಡುವಿನಿಂದ ಮಾತಾಡಿದರು.

"ಹ್ವಾಯ್ ಕುಸುಮಕ್ಕ, ನಾಳಿಗ್ ಬತ್ತೆ ಅಂದಿದ್ನಲ್ಲೆ."

"ಬಪ್ಪುದ್ ಇರ್ಲಿ. ಕೋವಿ ಕೊಟ್ಟ ಮೇಲೆ ಈ ಬದಿಗ್ ಬಂದಿದ್ರಿಯಾ?"

"ನಾನಾ? ಹೋಟ್ಲ್ ಬಿಟ್ಟ್ ಬಪ್ಪುಕ್ ಪುರ್ಸೊತ್ತ್ ಎಲ್ಲಿತ್ತ್? ಎಂತ, ಮತ್ತೂ ತುಕ್ಕ್ ಬಂತಾ? ಒಂಚೂರ್ ತೆಂಗಿನೆಣ್ಣಿ ಹಾಕಿ ಇಡಿ ಮಾರಾಯ್ರೆ."

"ತೆಂಗಿನೆಣ್ಣಿ ನಿಮ್ ದೋಸಿಗ್ ಹಾಕಿ. ಕೋವಿಗ್ ಹಾಕಿರೆ ಮಡ್ಡಿ ಕಟ್ಟತ್ತ್ ಅಂತ ಹತ್ ವರ್ಷದಿಂದ ಹೇಳ್ತಾ ಇದ್ದೆ," ಎಂದು ಕುಸುಮಾವತಿ ಫೋನಿಟ್ಟರು. ತುಕ್ಕಿಗೆ ತೆಂಗಿನೆಣ್ಣೆಯೇ ಮದ್ದೆಂದು ನಂಬಿದ ಮನುಷ್ಯ ಮೀನೆಣ್ಣೆ ಹುಡುಕಿಕೊಂಡು ಹೋಗುವುದಿಲ್ಲ. ತನ್ನ ಕೋವಿಯನ್ನು ತಾನೇ ತಿಕ್ಕುವುದಂತೂ ಈ ಜನ್ಮದಲ್ಲೇ ಇಲ್ಲ.

ಹಾಗಾದರೆ ಒಳಗೆ ಬಂದವರು ಯಾರು?

ಕೋಣೆಗೆ ಎರಡು ಬೀಗ. ಒಂದರ ಕೀಲಿಕೈ ಅವರ ಸೊಂಟದಲ್ಲಿ, ಇನ್ನೊಂದರದು ಠಾಣೆಯಲ್ಲಿ. ಇವತ್ತು ಕೋವಿಗಳನ್ನು ಒರೆಸಿ ಸಿದ್ಧ ಮಾಡಬೇಕೆಂದು ಬೆಳಿಗ್ಗೆ ಠಾಣೆಯಿಂದ ಆ ಕೈಯನ್ನೂ ಕಳಿಸಿದ್ದರು. ಉಳಿದಂತೆ ಎರಡೂ ಬೀಗ ಒಟ್ಟಿಗೆ ತೆಗೆಯುವುದು ಬುಧವಾರ ಮಾತ್ರ, ಅದೂ ತುಕ್ಕಿನ ದೆಸೆಯಿಂದಲೇ.

ಮುಚ್ಚಿದ ಕೋಣೆ ಬೆವರುತ್ತದೆ, ಬೆವರಿದ ಕೋಣೆಯಲ್ಲಿ ಕಬ್ಬಿಣ ಕೊಳೆಯುತ್ತದೆ. ಇದು ಅವರ ಗಂಡ ಕಲಿಸಿದ ಮೊದಲ ಪಾಠ. ಆದ್ದರಿಂದ ಪ್ರತಿ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಪೇದೆ ಠಾಣೆಯ ಕೈ ಹಿಡಿದು ಬರುತ್ತಾನೆ. ಕೋವಿಗಳನ್ನು ಎಣಿಸುತ್ತಾರೆ. ಆಮೇಲೆ ಬಾಗಿಲು, ಕಿಟಕಿ ತೆರೆದು ಸಂಜೆ ಐದರವರೆಗೆ ಗಾಳಿ ಆಡಲು ಬಿಡುತ್ತಾರೆ. ಮಡಕೆಗಳಲ್ಲಿಟ್ಟ ಚಿಪ್ಪು ಸುಣ್ಣ ಪಸೆ ಹೀರಿ ಅರಳಿ ಹುಡಿಯಾಗಿರುತ್ತದೆ, ಅದನ್ನು ತೆಗೆದು ಹೊಸ ಸುಟ್ಟ ಚಿಪ್ಪು ತುಂಬುತ್ತಾರೆ. ಐದಕ್ಕೆ ಮತ್ತೆ ಎಣಿಸಿ, ಎರಡೂ ಬೀಗ ಹಾಕಿ, ಸಹಿ ಮಾಡುತ್ತಾರೆ. ಅಷ್ಟೂ ಹೊತ್ತು ಪೇದೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಕುಸುಮಾವತಿ ಮಧ್ಯಾಹ್ನ ಅಡುಗೆ, ಊಟ, ಒಂದು ಗಳಿಗೆ ನಿದ್ದೆ ಎಂದು ಹಿತ್ತಲ ಮನೆಗೆ ಹೋಗುವುದು ವಾಡಿಕೆ.

ಜಿತೇಂದ್ರ ಸತ್ತದ್ದು ಬುಧವಾರ ಮಧ್ಯಾಹ್ನ ಮೂರಕ್ಕೆ. ಮೀನೆಣ್ಣೆ ಹಚ್ಚಿದ್ದು ಒಂದು ವಾರದ ಕೆಳಗೆ, ಅದೂ ಬುಧವಾರ. ಬೆಳಿಗ್ಗೆ ಎಣಿಸಿದ ಮೇಲೆ ಹೊರಟ ಕೋವಿ ಸಂಜೆ ಎಣಿಸುವುದರೊಳಗೆ ಗೂಟಕ್ಕೆ ಮರಳಿದ್ದರೆ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ನಳಿಗೆ, ಹಿಡಿ ಎರಡು ತುಂಡಾಗುವ ಕೋವಿ ಅದು, ಒಂದು ಚೀಲ ಸಾಕು.

ತುಕ್ಕು ಬಾರದಿರಲೆಂದು ತಾವೇ ಮಾಡಿದ ಕ್ರಮ ಇದು. ಕುಸುಮಾವತಿಗೆ ತಮ್ಮ ಮೇಲೇ ಸಿಟ್ಟು ಬಂತು.

ಎರಡೂ ಬುಧವಾರ ಬಂದ ಪೇದೆ ಸುಧೀರ್. ಕೋಡಿಯವನು. ಅಪ್ಪನಿಗೆ ದೋಣಿ ಇದೆ.

ಎರಡನೇ ಫೋನು ಸುಬ್ಬನನ್ನು ಹಿಡಿದ ಸಬ್ ಇನ್‌ಸ್ಪೆಕ್ಟರ್ ಸುಜನ್‌ಗೆ. ಓಡಾಟದ ಮನುಷ್ಯ, ಕೆಟ್ಟವರಲ್ಲ, ಅವಸರ ಜಾಸ್ತಿ.

"ಸಂಜಿ ಐದ್ ಗಂಟೆಗ್ ಅಂಗ್ಡಿಗ್ ಬನ್ನಿ ಸುಜನ್. ಸುಬ್ಬನ್ ವಿಷ್ಯ. ಒಂದ್ ವಸ್ತು ತೋರ್ಸುಕಿತ್ತ್."

"ಫೋನಗೇ ಹೇಳಿ ಅಮ್ಮ. ನಾಳಿಗ್ ಹನ್ನೊಂದ್ ಗಂಟೆಗ್ ಕೋರ್ಟಗೆ ಇರ್ಕ್ ನಾನ್."

"ಹೇಳಿರೆ ಆತಿಲ್ಲೆ. ಕಾಣ್ಕ್."

ಹದಿನೇಳನ್ನು ಯಾರಿಗೂ ಸಂಶಯ ಬಾರದಂತೆ ಅದರ ಗೂಟಕ್ಕೇ ತೂಗುಹಾಕಿ, ಕೋಣೆಗೆ ಬೀಗ ಹಾಕಿದರು. ಮಗಳು ಅನಿಷಾ ಅಂಗಡಿಯಲ್ಲಿ ಫೋನಿದ್ದ ಮೇಜಿನ ಮುಂದೆಯೇ ಕೂತು ಶಾಲೆಯ ಪಾಠದ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಟೀಚರು, ಬೇಸಿಗೆ ರಜೆಯಾದ್ದರಿಂದ ಎರಡು ತಿಂಗಳಿಂದ ಮನೆಯಲ್ಲೇ ಇದ್ದಳು. ಬುಧವಾರ ಸುಣ್ಣದ ಮಡಕೆ ಬದಲಿಸುವುದೂ ಅವಳದೇ ಕೆಲಸ.

"ನಾನ್ ಸಾಸ್ತಾನಕ್ ಹೋಯಿ ಬತ್ತೆ. ಸುಜನ್ ನನ್ಕಿಂತ ಮುಂಚೆ ಬಂದ್ರೆ ಬಾಗ್ಲ್ ತೆಗ್ದ್ ಕೂರ್ಸ್." ಎರಡೂ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟರು.

"ಆಯ್ತಮ್ಮ," ಎಂದಳು ಅನಿಷಾ, ತಲೆ ಎತ್ತದೆ.

ಸಾಸ್ತಾನದಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು ಕೋಡಿಯ ಕಡಲ ಬದಿಗೆ ಬಂದಾಗ ಮೂರು ಗಂಟೆಯ ಬಿಸಿಲು. ಮಳೆಗಾಲಕ್ಕೆ ಕಡಲಿಗಿಳಿಯುವುದು ನಿಲ್ಲುವ ಸಮಯ. ದೋಣಿಗಳನ್ನೆಲ್ಲ ಮೇಲೆಳೆದು ಮಗುಚಿ ಹಾಕಿ, ಮನೆಮಂದಿಯೆಲ್ಲ ಸೇರಿ ಎಣ್ಣೆ ಹಚ್ಚುತ್ತಿದ್ದರು. ಇಡೀ ದಂಡೆ ಬೈಗೆ ಮೀನಿನ ಎಣ್ಣೆಯಿಂದ ನಾರುತ್ತಿತ್ತು. ಒಂದು ದೋಣಿ ಮಾತ್ರ ಒಣಗಿ ಬಿರುಕು ಬಿಟ್ಟು ಹಾಗೇ ಬಿದ್ದಿತ್ತು. ಅದು ಸುಬ್ಬನದು.

ಅದರ ಪಕ್ಕದ ದೋಣಿಗೆ ಸುಧೀರ್ ಎಣ್ಣೆ ಹಚ್ಚುತ್ತಿದ್ದ. ರಜೆಯ ದಿನ, ಲುಂಗಿ ಎತ್ತಿ ಕಟ್ಟಿದ್ದ, ಮೊಣಕೈವರೆಗೆ ಎಣ್ಣೆ. ಇಪ್ಪತ್ತೇಳರ ಹುಡುಗ, ನಕ್ಕರೆ ಚೆಂದ ಕಾಣುತ್ತಿದ್ದ. ಕುಸುಮಾವತಿಯನ್ನು ನೋಡಿ ನಕ್ಕ.

"ಕುಸುಮಕ್ಕ, ನೀವೆಂತ ಇಲ್ಲಿ?"

ಅವರು ಬಗ್ಗಿ ಅವನ ಎಣ್ಣೆ ತುಂಬಿದ ತೆಂಗಿನ ಗೆರಟೆಯನ್ನೆತ್ತಿ ಮೂಸಿದರು. "ಸುಧೀರಾ, ದೋಣಿಗ್ ಹಚ್ಚು ಎಣ್ಣಿ ಕೋವಿಗ್ ಹಚ್ಚುಕಾಗ ಅಂತ ನಿಮ್ ಟ್ರೈನಿಂಗಗೆ ಹೇಳಿ ಕೊಡ್ಲಿಲ್ಲೆಯಾ?"

ಬ್ರಷ್ಷು ನಿಂತಿತು. ನಗುವೂ.

"ಯಾವ್ ಕೋವಿಗೆ?"

"ನೀನೇ ಹೇಳ್. ಮೂವತ್ತೊಂದ್ ಇತ್ತಲ್ದಾ."

ಅವನು ದೋಣಿಯ ಆಚೆ ಬದಿಗೆ ನೋಡಿದ. ಅವನ ಅಪ್ಪ ದೂರದಲ್ಲಿ ಬಲೆ ಮಡಚುತ್ತಿದ್ದ. ಸುಧೀರ್ ದನಿ ತಗ್ಗಿಸಿದ. "ಉಪ್ಪ್ ನೀರಗೆ ಇಪ್ಪು ಮೊಳೆಗೇ ಇದ್ ಹಚ್ಚಿರೆ ವರ್ಷಗಟ್ಲೆ ತುಕ್ಕ್ ಬತ್ತಿಲ್ಲೆ. ಕೋವಿಗೂ ಒಳ್ಳೇದ್ ಅಲ್ದಾ ಅಂದೇಳಿ. ಬೈಕಗೆ ಬಾಟ್ಲಿ ಇದ್ದಿತ್ತ್."

"ಮರಕ್ ಒಳ್ಳೇದ್. ಕೋವಿಯೊಳ್ಗೆ ಒಣ್ಗಿ ಅಂಟಾಯಿ, ತೋಟೆ ಹಾಕಿರೆ ಮತ್ತೆ ತೆಗುಕ್ ಆತಿಲ್ಲೆ. ಅದ್ ಹೋಯ್ಲಿ. ತಿಕ್ಕಿದಾಗ ಚಿಂದಿಗ್ ಎಂತ ಬಣ್ಣ ಬಂತ್?"

"ಕೆಂಪ್."

"ಮತ್ತೆ?"

ಅವನು ಬ್ರಷ್ಷಿನ ಒಂದು ಕೂದಲನ್ನು ಕಿತ್ತ.

"ಮತ್ತೆ ಎಂತ ಬಣ್ಣ ಸುಧೀರಾ?"

"ಕಪ್ಪ್."

"ಆ ಕಪ್ಪ್ ಎಂತದ್ ಅಂತ ಪೊಲೀಸ್ನೋರಿಗ್ ನಾನ್ ಹೇಳಿ ಕೊಡ್ಕಾ?"

ಸುಧೀರ್ ಬ್ರಷ್ಷನ್ನು ಮರಳಿನ ಮೇಲಿಟ್ಟ. ಮರಳು ಹತ್ತುತ್ತದೆಂಬುದೂ ಅವನಿಗೆ ಹೊಳೆಯಲಿಲ್ಲ. "ಮದ್ದಿನ ಮಸಿ," ಎಂದ. "ಆವಾಗ್ಲೇ ಗೊತ್ತಾಯ್ತ್ ನಂಗೆ. ಅವತ್ತಿಂದ ಉಂಬುಕ್ ಸೇರ್ತಿಲ್ಲೆ ಕುಸುಮಕ್ಕ."

"ಸುಬ್ಬನಿಗ್ ಜೈಲಗೆ ಸೇರತ್ತಾ?"

ಅವನು ಪಕ್ಕದ ಒಣ ದೋಣಿಯತ್ತ ನೋಡಲಿಲ್ಲ. ಇಷ್ಟು ಹೊತ್ತೂ ನೋಡಿರಲಿಲ್ಲ ಎಂಬುದು ಕುಸುಮಾವತಿಗೆ ಈಗ ಗಮನಕ್ಕೆ ಬಂತು. ಅವರಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸುವಷ್ಟು ಕೋಪ ಬಂದಿತ್ತು.

"ಏಪ್ರಿಲ್ ಮೂವತ್ತನೇ ತಾರೀಕ್ ಮಧ್ಯಾಹ್ನ ಕೋಣಿ ಬಾಗ್ಲಗೆ ಕೂಕಣ್ಕಾದ್ ನೀನ್. ಎಲ್ಲಿದ್ದೆ?"

"ಊಟಕ್ ಮನಿಗ್ ಬಂದೆ. ಬಲೆ ಎಳುಕ್ ಜನ ಇಲ್ಲೆ ಅಂದ ಅಪ್ಪ. ತಿರ್ಗಿ ಬಪ್ಪತ್ತಿಗ್ ಐದ್ ಗಂಟೆ. ಎಣ್ಸಿರೆ ಮೂವತ್ತೊಂದೂ ಇದ್ದಿತ್ತ್, ಸಹಿ ಹಾಕಿದೆ. ಇಡೀ ದಿನ ಇದ್ದೆ ಅಂತ ಬರ್ದೆ."

"ಬಾಗ್ಲ್ ಹಾಂಗೇ ಬಿಟ್ಟ್ ಬಂದ್ಯಾ?"

"ಇಲ್ಲೆ." ಅವನು ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಕುಸುಮಕ್ಕ, ನಂಗ್ ಹೇಳುಕ್ ಬಾಯಿ ಬತ್ತಿಲ್ಲೆ."

"ಬತ್ತ್. ಹೇಳ್."

"ನೀವ್ ಹೋಯ್ನಿ, ನಾನ್ ಕೂಕಂತೆ ಅಂದ್ಳ್. ಅನಿಷಾ."

ಕುಸುಮಾವತಿ ಎಣ್ಣೆಯ ಗೆರಟೆಯನ್ನು ಮರಳಿನ ಮೇಲಿಟ್ಟರು. ಬೆಳಿಗ್ಗೆಯಿಂದ ಅವರು ಮಂಜಯ್ಯನನ್ನು ಸಂಶಯಿಸಿದ್ದರು, ಸುಧೀರನನ್ನು ಸಂಶಯಿಸಿದ್ದರು, ತಾವೇ ನಿದ್ದೆಗಣ್ಣಿನಲ್ಲಿ ಏನಾದರೂ ಎಡವಟ್ಟು ಮಾಡಿದೆವೇ ಎಂದೂ ಯೋಚಿಸಿದ್ದರು. ಸುಣ್ಣದ ಮಡಕೆ ಹೊತ್ತು ವಾರವಾರ ಆ ಕೋಣೆಗೆ ಹೋಗುವ ಮಗಳು ಅವರ ಯೋಚನೆಯೊಳಗೆ ಬಂದೇ ಇರಲಿಲ್ಲ.

"ಎಣ್ಣಿ ಹಚ್ಚು ಅಂದದ್ ಯಾರ್?" ದನಿ ಅವರಿಗೇ ಬೇರೆಯವರದಂತೆ ಕೇಳಿಸಿತು.

"ಅವ್ಳೇ. ಹೋದ್ ಬುಧ್ವಾರ. ಹದ್ನೇಳನೇದ್ ತುಂಬಾ ತುಕ್ಕ್ ಹಿಡ್ದಿತ್ತ್, ಒಂಚೂರ್ ತಿಕ್ಕಿ ಕೊಡಿ, ಅಮ್ಮಂಗ್ ಹೇಳುದ್ ಬ್ಯಾಡ ಅಂದ್ಳ್."

"ನಂಬ್ರ ಹೇಳಿ ಅಂದ್ಳಾ?"

"ಹೌದ್. ನಂಬ್ರ ಹೇಳಿಯೇ."

ಕುಸುಮಾವತಿ ಸುಬ್ಬನ ದೋಣಿಯ ಅಂಚಿಗೆ ಒರಗಿ ನಿಂತರು. ಮಗಳಿಗೂ ಆ ಐಸ್ ಪ್ಲಾಂಟಿನವನಿಗೂ ಏನು ಸಂಬಂಧ? ಅವನ ಹೆಸರನ್ನು ಅವಳ ಬಾಯಲ್ಲಿ ಒಂದು ದಿನವೂ ಕೇಳಿದ್ದಿಲ್ಲ. ಕೋವಿ ಎತ್ತಿದ್ದು ಅವಳೋ, ಎತ್ತಲು ಬಂದವರಿಗೆ ಬಾಗಿಲು ಬಿಟ್ಟವಳೋ? ಅವಳು ಯಾರನ್ನೋ ಕಾಪಾಡುತ್ತಿದ್ದಾಳೆ ಎಂದು ನಂಬಲು ಅವರಿಗೆ ಬಹಳ ಆಸೆಯಾಯಿತು.

"ಸುಜನ್ ಎದ್ರಿಗ್ ಇದಿಷ್ಟೂ ಹೇಳ್ತ್ಯಾ?"

"ಹೇಳಿರೆ ನೌಕ್ರಿ ಹೋತ್ತ್."

"ಹೇಳ್ದಿದ್ರೆ ಸುಬ್ಬ ಹೋತ್ತ."

ಸುಧೀರ್ ಬ್ರಷ್ಷನ್ನೆತ್ತಿ ಹತ್ತಿದ ಮರಳನ್ನು ಬೆರಳಿನಿಂದ ಕೆರೆದ. "ಮೊದ್ಲ್ ನೀವ್ ಕೋವಿ ತೋರ್ಸಿ," ಎಂದ ಕೊನೆಗೆ. "ಎಣ್ಣಿ, ಮಸಿ ಅವ್ರ್ ಕಣ್ಣಾರೆ ಕಂಡ ಮೇಲೆ ನಾನ್ ಇಲ್ಲೆ ಅಂಬುದಿಲ್ಲೆ. ಕೋವಿ ಕಾಣ್ದೆ ಬರೀ ಮಾತಗೆ ನನ್ ಕರಿಬೇಡಿ. ನಾನ್ ಬತ್ತಿಲ್ಲೆ."

ಹೇಡಿಯ ಮಾತು. ಆದರೆ ಹೇಡಿಯಿಂದ ಇಷ್ಟು ಸಿಕ್ಕಿದ್ದೇ ಹೆಚ್ಚು. ಸುಬ್ಬನ ಬಿಡುಗಡೆ ಈಗ ಒಂದು ಸೂಜಿಯ ಮೊನೆಯಷ್ಟು ಮಸಿಯ ಮೇಲೆ ನಿಂತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕುಸುಮಾವತಿ ಕಿಟಕಿಯ ಪಕ್ಕ ಕೂತು ಯೋಚಿಸಿದರು. ಹೇಳದೆ ಇರಬಹುದು. ಹಾಳಾದ ಬ್ರಷ್ ಡಬ್ಬದಲ್ಲೇ ಇದೆ. ಹೇಳಿದರೆ ಮಗಳು. ಹೇಳದಿದ್ದರೆ ಸುಬ್ಬ. ಬೆಳಿಗ್ಗೆ ಎಣ್ಣೆಯ ಚಿಂದಿಯನ್ನು ಮೂಸಿ, ತನ್ನ ಮನೆಯಲ್ಲೂ ಇದೆ ಎಂದ ಬೆಳ್ಳಿಗೆ ಸುಳ್ಳು ಹೇಳಲು ಹೊಳೆಯಲೇ ಇಲ್ಲವಲ್ಲ ಎಂದು ಅವರು ಮತ್ತೆ ಮತ್ತೆ ನೆನೆದರು. ಬ್ರಹ್ಮಾವರದಲ್ಲಿ ಇಳಿಯುವಷ್ಟರಲ್ಲಿ ಹೇಳುವುದೆಂದು ನಿಶ್ಚಯವಾಗಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಿಂದ ಒರೆಸಿಕೊಂಡು ನಡೆದರು.

ಅಂಗಡಿಯ ಮುಂದೆ ಸುಜನ್ ಅವರ ಬೈಕು ನಿಂತಿತ್ತು. ಮೆಟ್ಟಿಲಲ್ಲಿ ಬೆಳ್ಳಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೊಸ್ತಿಲು ದಾಟುವ ಮೊದಲೇ ಕುಸುಮಾವತಿಯ ಮೂಗಿಗೆ ವಾಸನೆ ಬಡಿಯಿತು. ಸೀಮೆಎಣ್ಣೆ.

"ಬನ್ನಿ ಅಮ್ಮ," ಎಂದರು ಸುಜನ್, ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ. "ಅರ್ಧ ಗಂಟೆ ಆಯ್ತ್ ಬಂದ್. ನಿಮ್ ಹುಡ್ಗಿ ಕೆಲ್ಸ ಕಾಣ್ತಾ ಕೂಕಂಡಿದ್ದೆ. ನಮ್ ಠಾಣೆಗ್ ಒಂದಿನ ಕಳ್ಸಿ ಕೊಡಿ."

ಕೋಣೆಯ ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಮೂವತ್ತೊಂದು ಕೋವಿಗಳು, ಒಂದರ ಪಕ್ಕ ಒಂದು, ಹೊಳೆಯುತ್ತ ತೂಗಿದ್ದವು. ನೆಲದ ಮೇಲೆ ಕೊಳೆ ಚಿಂದಿಯ ರಾಶಿಗೆ ಸೀಮೆಎಣ್ಣೆ ಸುರಿದಿತ್ತು, ಬೆಳ್ಳಿ ಮೂಸಿದ ಚಿಂದಿಯೂ ಅದರೊಳಗೇ ಸೇರಿತ್ತು, ಯಾವುದು ಯಾವ ಕೋವಿಯದೆಂದು ಹೇಳುವ ಹಾಗಿರಲಿಲ್ಲ. ಕೈ ಕಪ್ಪು ಮಾಡಿಕೊಂಡು, ಮುಖದಲ್ಲಿ ಬೆವರು ಇಳಿಯುತ್ತಿದ್ದ ಅನಿಷಾ ಕೊನೆಯ ಕೋವಿಗೆ ಮಿಷನ್ ಎಣ್ಣೆ ಒರೆಸುತ್ತಿದ್ದಳು.

ಕುಸುಮಾವತಿ ಹದಿನೇಳನ್ನು ಗೂಟದಿಂದ ತೆಗೆದರು. ಮಡಚಿದರು. ಸೂಜಿಯ ತುದಿಗೆ ಬಿಳಿ ಚಿಂದಿ ಸುತ್ತಿ ಪಟ್ಟಿಯ ಹಿಂದಿನ ಸಂದಿಗೆ ಹಾಕಿ ತಿರುಗಿಸಿ ತೆಗೆದರು. ಚಿಂದಿ ಬಿಳಿಯಾಗಿಯೇ ಬಂತು.

ಆ ಸಂದಿಯನ್ನು ತಿಕ್ಕಲು ಅವಳಿಗೆ ಹತ್ತನೇ ವಯಸ್ಸಿನಲ್ಲಿ ಅವರೇ ಕಲಿಸಿದ್ದರು.

"ಎಂತದೋ ತೋರ್ಸುಕಿತ್ತ್ ಅಂದ್ರಲ್ಲೆ?" ಸುಜನ್ ಬಾಗಿಲಿಗೆ ಬಂದು ನಿಂತರು. ಹಿಂದೆ ಬೆಳ್ಳಿಯೂ ಕತ್ತು ಚಾಚಿದ್ದಳು.

ಹೇಳದೆ ಇರಲು ಈಗ ಸುಲಭವಿತ್ತು. ಏನೂ ಇಲ್ಲ ಎಂದರೆ ಮುಗಿಯುತ್ತಿತ್ತು. ಕುಸುಮಾವತಿ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದರು.

"ಜಿತೇಂದ್ರನ್ ಕೊಂದದ್ ಈ ಕೋವಿ. ಬೆಳಿಗ್ಗೆ ಇದ್ರೊಳ್ಗೆ ಮದ್ದಿನ ಮಸಿ ಇದ್ದಿತ್ತ್. ಯಾರೋ ಒಂದ್ ವಾರದ್ ಹಿಂದೆ ಹಚ್ಚಿದ ಮೀನೆಣ್ಣಿ ಇದ್ದಿತ್ತ್. ನಾನ್ ಕಣ್ಣಾರೆ ಕಂಡಿದ್ದೆ. ಸುಬ್ಬನ್ ಕೈಗ್ ಇದ್ ಸಿಕ್ಕುಕ್ ಸಾಧ್ಯ ಇಲ್ಲೆ."

ಸುಜನ್ ಕೋವಿ ತೆಗೆದುಕೊಂಡು ನಳಿಗೆಯೊಳಗೆ ನೋಡಿದರು. ಮೂಸಿದರು. ಟಾರ್ಚ್ ಹಾಕಿ ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿದ್ದ ಸಲಿಗೆ ಹೋಯಿತು.

"ಈಗ ಎಂತದೂ ಇಲ್ಲೆ."

"ಇಲ್ಲೆ. ತಿಕ್ಕಿ ಆಯ್ತ್."

"ಅಂದ್ರೆ ಸಾಕ್ಷಿ ಅಂತ ಗೊತ್ತಿದ್ದೂ ತೊಳ್ದ್ ಹಾಕಿ ಆಯ್ತ್." ಅವರು ಅನಿಷಾಳ ಕಡೆ ತಿರುಗಿದರು. "ಇದ್ ತಿಕ್ಕುಕ್ ನಿಮ್ಗ್ ಯಾರ್ ಹೇಳಿದ್ದ್?"

ಅನಿಷಾ ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡಳು. ಇಡೀ ದಿನದಲ್ಲಿ ಮೊದಲ ಬಾರಿ ತಾಯಿಯ ಮುಖವನ್ನು ನೇರವಾಗಿ ನೋಡಿದಳು.

"ಅಮ್ಮನೇ," ಎಂದಳು. "ಬಸ್ಸಿಗ್ ಹೋಪತ್ತಿಗ್ ಹೇಳಿದ್ದ್. ಸುಜನ್ ಬಪ್ಪುದ್ರೊಳ್ಗೆ ಎಲ್ಲ ಮುಗ್ಸ್, ಹದ್ನೇಳನೇದ್ ಮೊದ್ಲ್ ಮಾಡ್ ಅಂತ."

ಸುಜನ್ ಜೇಬಿನಿಂದ ಡೈರಿ ತೆಗೆದು ಹೊಸ ಹಾಳೆ ತಿರುವಿದರು. ಬೆಳ್ಳಿ ಹೊಸ್ತಿಲು ದಾಟಿ ಒಳಗೆ ಬಂದು ಕುಸುಮಾವತಿಯ ಎದುರು ನಿಂತಳು.

"ಹೌದಾ ಕುಸುಮಕ್ಕ?" ಎಂದು ಕೇಳಿದಳು.